ಹೊಲಕ್ಕೆ 11ಇ, ಡಿಸ್ಕಿಗೆ 8ಇ

ಇವತ್ತಿನ ಬರಹ ಸ್ವಲ್ಪ ಒಣ ವಿಷಯದ್ದು, ಮೊದಲೇ ಹೇಳಿಬಿಡ್ತೀನಿ. ಕವಿತೆ, ಪ್ರವಾಸ, ಸಿನಿಮಾ ಏನೂ ಇಲ್ಲ. ಹಾರ್ಡ್ ಡಿಸ್ಕು, ಪಾರ್ಟಿಷನ್ನು, ಎಲ್‌ವಿಎಂ... ಇಷ್ಟೇ. ಆದರೆ ನಮ್ಮಲ್ಲಿ ಬಹಳಷ್ಟು ಜನ ಮನೆಯಲ್ಲಿ ಲಿನಕ್ಸ್ ಹಾಕಿಕೊಂಡವರು. ಒಬ್ಬರಾದರೂ ಓದಿ ತಮ್ಮ ಡಿಸ್ಕನ್ನು ಒಮ್ಮೆ ತಿರುಗಿ ನೋಡಿಕೊಂಡರೆ ಬರೆದದ್ದು ಸಾರ್ಥಕ.

ಹೇಳಬೇಕಾದ ಮಾತು ಒಂದೇ. ಎಲ್‌ವಿಎಂಗೆ ಡಿಸ್ಕ್ ಕೊಡುವ ಮೊದಲು ಅದರ ಮೇಲೆ ಪಾರ್ಟಿಷನ್ ಟೇಬಲ್ ಬರೆಯಿರಿ. ಇಡೀ ಡಿಸ್ಕನ್ನೇ ಕೊಡುವುದಿದ್ದರೂ ಒಂದೇ ಒಂದು ಪಾರ್ಟಿಷನ್ ಮಾಡಿ, ಅದರ ಟೈಪ್ "ಲಿನಕ್ಸ್ ಎಲ್‌ವಿಎಂ" ಅಂತ ನಮೂದಿಸಿ, ಆಮೇಲೆ ಮುಂದಕ್ಕೆ ಹೋಗಿ. "ಅದೆಲ್ಲ ಯಾಕೆ, ಖಾಲಿ ಡಿಸ್ಕಿನ ಮೇಲೇ ನೇರವಾಗಿ ಪಿವಿಕ್ರಿಯೇಟ್ ಹೊಡೆದರೂ ಆಗುತ್ತಲ್ಲ" ಅನ್ನುವವರು ತುಂಬ ಜನ ಇದ್ದಾರೆ. ಆಗುತ್ತೆ, ನಿಜ. ಆಗುತ್ತೆ ಅನ್ನುವುದೇ ತೊಂದರೆ.

ಎಲ್‌ವಿಎಂ ಗೊತ್ತಿಲ್ಲದವರಿಗೆ ನಮ್ಮೂರಿನ ಲೆಕ್ಕದಲ್ಲೇ ಹೇಳ್ತೀನಿ.

ನಮ್ಮೂರು ಸವಳಂಗ. ಶಿವಮೊಗ್ಗದಲ್ಲಿ ಓದಿದವರಿಗೆ ಊರು ಗೊತ್ತಿಲ್ಲದಿದ್ದರೂ "ಸವಳಂಗ ರಸ್ತೆ" ಗೊತ್ತಿರುತ್ತೆ. ನವುಲೆಯ ಇಂಜಿನಿಯರಿಂಗ್ ಕಾಲೇಜು ಇರುವುದು ಅದೇ ರಸ್ತೆಯಲ್ಲಿ. ಅದೇ ರಸ್ತೆ ಹಿಡಿದು ಶಿಕಾರಿಪುರದ ಕಡೆ ಹೋಗ್ತಾ ಇದ್ದರೆ ನಮ್ಮೂರು ಸಿಗುತ್ತೆ, ಊರಿನ ದೊಡ್ಡ ಕೆರೆಯೂ ಕಾಣುತ್ತೆ. ಈ ಸವಳಂಗ ಯಾವ ಜಿಲ್ಲೆ ಅಂತ ಕೇಳಿದರೆ ಮಾತ್ರ ಉತ್ತರ ಸುಲಭ ಇಲ್ಲ. 1997ರವರೆಗೆ ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲೂಕು. ಆ ವರ್ಷ ಜೆ. ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ದಾವಣಗೆರೆ ಜಿಲ್ಲೆ ಆಯಿತು, ಚನ್ನಗಿರಿ ಹೊನ್ನಾಳಿ ಎರಡೂ ಅತ್ತ ಹೋದವು. ಜಗಳೂರು ಚಿತ್ರದುರ್ಗದಿಂದ ಬಂತು. 2017ರ ಬಜೆಟ್ಟಿನಲ್ಲಿ ನ್ಯಾಮತಿ ತಾಲೂಕು ಘೋಷಣೆಯಾಯಿತು, ಈಗ ನಾವು ನ್ಯಾಮತಿ ತಾಲೂಕು. ನಾನಂತೂ ಹುಟ್ಟಿದ್ದೇ ಆ 97ರಲ್ಲಿ. ನಮ್ಮ ಮನೆಯ ಟ್ರಂಕಿನಲ್ಲಿ ಮೂರು ಕಾಲದ ಕಾಗದಗಳಿವೆ, ಮೂರರ ತಲೆಬರಹವೂ ಬೇರೆ ಬೇರೆ.

ಆದರೆ ಹೊಲ ಒಂದು ಗೇಣೂ ಸರಿದಿಲ್ಲ. ಕೆರೆ ಇದ್ದಲ್ಲೇ ಇದೆ, ಬದು ಇದ್ದಲ್ಲೇ ಇದೆ, ಮೂಲೆಯ ಬಾಂದು ಕಲ್ಲು ಇದ್ದಲ್ಲೇ ಇದೆ. ಬದಲಾಗಿದ್ದು ಮೇಲಿನ ಹೆಸರು, ಯಾವ ಊರು ಯಾವ ಕಚೇರಿಗೆ ಸೇರಿತು ಅನ್ನುವ ಪಟ್ಟಿ.

ಎಲ್‌ವಿಎಂ ಮಾಡುವುದೂ ಇದನ್ನೇ. ಕೆಳಗೆ ನಿಜವಾದ ಡಿಸ್ಕುಗಳು, ಅವಕ್ಕೆ ಫಿಸಿಕಲ್ ವಾಲ್ಯೂಮ್ ಅಂತ ಹೆಸರು. ಅವನ್ನೆಲ್ಲ ಒಟ್ಟು ಸೇರಿಸಿದರೆ ವಾಲ್ಯೂಮ್ ಗ್ರೂಪ್. ಅದರಿಂದ ಬೇಕಾದಷ್ಟು ಬೇಕಾದ ಹಾಗೆ ಹಂಚಿದರೆ ಲಾಜಿಕಲ್ ವಾಲ್ಯೂಮ್. ಹಂಚುವ ಕನಿಷ್ಠ ತುಂಡಿಗೆ ಎಕ್ಸ್‌ಟೆಂಟ್ ಅಂತಾರೆ, ಮಾಮೂಲಿಗೆ 4 ಎಂಬಿ. ಜಾಗ ಸಾಲದಿದ್ದರೆ ಹೊಸ ಡಿಸ್ಕ್ ತಂದು ಗುಂಪಿಗೆ ಸೇರಿಸಿ ಲಾಜಿಕಲ್ ವಾಲ್ಯೂಮನ್ನು ಹಿಗ್ಗಿಸಬಹುದು, ಒಳಗಿನ ಫೈಲುಗಳನ್ನು ಮುಟ್ಟಬೇಕಾಗಿಲ್ಲ. ಎಚ್‌ಪಿ ಯುನಿಕ್ಸ್‌ನಲ್ಲಿದ್ದ ಈ ಯೋಚನೆಯನ್ನು ಲಿನಕ್ಸ್‌ಗೆ 1998ರಲ್ಲಿ ತಂದವರು ಹೈಂಜ್ ಮೌಲ್ಸ್‌ಹಾಗೆನ್. 2003ರ ಕೊನೆಯಲ್ಲಿ ಬಂದ 2.6 ಕರ್ನೆಲ್ಲಿನ ಡಿವೈಸ್ ಮ್ಯಾಪರ್ ಜೊತೆ ಎಲ್‌ವಿಎಂ2 ಬಂತು, ನಾವು ಇವತ್ತೂ ಬಳಸುವುದು ಅದನ್ನೇ. ಫೆಡೋರಾ ಡೆಸ್ಕ್‌ಟಾಪ್ 2020ರಲ್ಲಿ (33ನೇ ಆವೃತ್ತಿ) ಬಿಟಿಆರ್‌ಎಫ್‌ಎಸ್ ಕಡೆ ಹೊರಳಿತು. ಆದರೂ ಸರ್ವರುಗಳ ಲೋಕದಲ್ಲಿ ಎಲ್‌ವಿಎಂ ಗಟ್ಟಿಯಾಗಿ ಕೂತಿದೆ.

ಸರಿ, ಮೇಲಿನ ಪಟ್ಟಿ ಎಷ್ಟು ಸಲ ಬೇಕಾದರೂ ಬದಲಾಗಲಿ. ಅದಕ್ಕೆ ಷರತ್ತು ಒಂದೇ: ಕೆಳಗಿನ ಕಲ್ಲು ಅಲ್ಲಾಡಬಾರದು. ಕಲ್ಲೇ ಇಲ್ಲದಿದ್ದರೆ?

ಹಳ್ಳಿಯಿಂದ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹೊಲ ಪಾಲು ಮಾಡಿಕೊಂಡಿರ್ತಾರೆ. ಇಪ್ಪತ್ತು ವರ್ಷ ಮೆಕ್ಕೆಜೋಳ ಬೆಳೆದಿರ್ತಾರೆ, ಎಲ್ಲ ಚೆನ್ನಾಗಿರುತ್ತೆ. ಒಂದು ದಿನ ಯಾರೋ ಪಹಣಿ ತೆಗೆಸಿ ನೋಡಿದರೆ ಕಾಗದದಲ್ಲಿ ಪಾಲೇ ಇಲ್ಲ, ಪೋಡಿ ಆಗಿಲ್ಲ. ಅವತ್ತಿನಿಂದ ಕೋರ್ಟು. ಕರ್ನಾಟಕದಲ್ಲಿ 2000ದ ದಶಕದ ಆರಂಭದಲ್ಲಿ "ಭೂಮಿ" ಯೋಜನೆ ಬಂದು ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋದವು. ಅಲ್ಲಿ ಏನಿದೆಯೋ ಅದೇ ಸತ್ಯ, ಉಳಿದದ್ದು ನಿಮ್ಮ ಬಾಯಿಮಾತು. ಈಗ ಸರ್ವೆ ನಂಬರಿನ ಒಂದು ಭಾಗ ಮಾರುವುದಿದ್ದರೆ ಮೊದಲು ಅಳತೆ ಮಾಡಿಸಿ 11ಇ ನಕ್ಷೆ ತೆಗೆಸಬೇಕು, ಆಮೇಲೆ ನೋಂದಣಿ. ತಲೆನೋವು ಅಂತ ಎಲ್ಲರೂ ಬೈತಾರೆ. ಆದರೆ ಆ ತಲೆನೋವು ಯಾಕೆ ಇದೆ ಅಂತ ಒಮ್ಮೆ ಗಡಿ ಜಗಳ ನೋಡಿದವರಿಗೆ ಗೊತ್ತು.

ಡಿಸ್ಕಿನಲ್ಲಿ ಆ ನಕ್ಷೆಯ ಕೆಲಸ ಮಾಡುವುದು ಪಾರ್ಟಿಷನ್ ಟೇಬಲ್. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಲಿನಕ್ಸ್ ಎಲ್‌ವಿಎಂಗೆ ಕೊಟ್ಟ ಗುರುತಿನ ಸಂಖ್ಯೆ 8ಇ. ಈಗಿನ ಜಿಪಿಟಿಯಲ್ಲಿ ಅದಕ್ಕೆ ಉದ್ದನೆಯ ಜಿಯುಐಡಿ ಇದೆ, ಜಿಡಿಸ್ಕ್ ಪ್ರೋಗ್ರಾಮಿನಲ್ಲಿ 8ಇ00 ಅಂತ ಕೊಟ್ಟರೆ ಸಾಕು. ಊರಿನಲ್ಲಿ 11ಇ, ಡಿಸ್ಕಿನಲ್ಲಿ 8ಇ. ಹೊಂದಿಕೆ ಚೆನ್ನಾಗಿದೆ ಅಲ್ವಾ? :-)

ತಮಾಷೆ ಏನೆಂದರೆ ಎಲ್‌ವಿಎಂಗೆ ಈ ಗುರುತು ಬೇಕಾಗೇ ಇಲ್ಲ. ಟೈಪ್ ಏನೇ ಇರಲಿ, ಪಿವಿಕ್ರಿಯೇಟ್ ತನ್ನ ಕೆಲಸ ಮಾಡಿಕೊಂಡು ಹೋಗುತ್ತೆ. ಗುರುತು ಇರುವುದು ಬೇರೆಯವರಿಗೆ. ನಾಳೆ ಆ ಡಿಸ್ಕನ್ನು ಕೈಗೆತ್ತಿಕೊಳ್ಳುವ ಬೇರೆ ಮನುಷ್ಯನಿಗೆ, ಬೇರೆ ಆಪರೇಟಿಂಗ್ ಸಿಸ್ಟಮ್ಮಿಗೆ. "ಇಲ್ಲಿ ಯಾರೋ ಇದ್ದಾರೆ" ಅಂತ ಹೇಳುವುದಕ್ಕೆ.

ಈಗ ಅಸಲಿ ಕಥೆಗೆ ಬರ್ತೀನಿ.

ನಮ್ಮ ಸಂಬಂಧಿಕರೊಬ್ಬರದು ಫೋಟೋ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶ, ಶಾಲೆಯ ಗ್ರೂಪ್ ಫೋಟೋ, ಸುತ್ತಲಿನ ಹಳ್ಳಿಗಳಿಗೆಲ್ಲ ಅವರೇ. ಅವರಿಗೆ ಯಾರೋ ಲಿನಕ್ಸ್ ಹಾಕಿಕೊಟ್ಟು, 2 ಟಿಬಿ ಡಿಸ್ಕೊಂದನ್ನು ಪಾರ್ಟಿಷನ್ ಏನೂ ಮಾಡದೆ ಇಡಿಯಾಗಿ ಎಲ್‌ವಿಎಂಗೆ ಕೊಟ್ಟಿದ್ದರು. ಮೊದಲು ಫೋಟೋಗಳಿಗೆ 500 ಜಿಬಿ, ಆಮೇಲೆ ವಿಡಿಯೋಗೆ 300 ಜಿಬಿ, ಇನ್ನೂ ಸ್ವಲ್ಪ ದಿನಕ್ಕೆ ಫೋಟೋ ಜಾಗ ಸಾಲದೆ ಅದಕ್ಕೆ ಮತ್ತೆ 400 ಜಿಬಿ. ವರ್ಷಗಟ್ಟಲೆ ಏನೂ ತೊಂದರೆ ಇರಲಿಲ್ಲ. ಆಮೇಲೆ ಆಲ್ಬಂ ಡಿಸೈನ್ ಮಾಡುವ ಯಾವುದೋ ತಂತ್ರಾಂಶಕ್ಕೆ ವಿಂಡೋಸ್ ಬೇಕು ಅಂತ ಆಯಿತು. ಅಂಗಡಿಯ ಹುಡುಗನೊಬ್ಬ ಬಂದು ಸಿಸ್ಟಮ್ ಇದ್ದ ಚಿಕ್ಕ ಎಸ್‌ಎಸ್‌ಡಿಯನ್ನು ಅಳಿಸಿ ವಿಂಡೋಸ್ ಹಾಕಿದ. ಫೋಟೋ ಡಿಸ್ಕನ್ನು ಮುಟ್ಟಬೇಡ ಅಂತ ಹೇಳಿದ್ದರು, ಅವನು ಮುಟ್ಟಲಿಲ್ಲ ಕೂಡ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ವಿಂಡೋಸೇ ಕೇಳಿತು: ಇಲ್ಲೊಂದು ಡಿಸ್ಕ್ ಇದೆ, ಬಳಸಬೇಕಾದರೆ ಇನಿಶಿಯಲೈಸ್ ಮಾಡಬೇಕು, ಜಿಪಿಟಿಯೋ ಎಂಬಿಆರೋ? ಅವನು ಓಕೆ ಒತ್ತಿದ.

ಆ ಹುಡುಗನ ತಪ್ಪೇನು ಹೇಳಿ? ಅವನ ಕಣ್ಣಿಗೆ ಕಂಡಿದ್ದು ಖಾಲಿ ಡಿಸ್ಕು. ಕಲ್ಲಿಲ್ಲ, ಬೇಲಿ ಇಲ್ಲ, ಪಹಣಿಯಲ್ಲಿ ಹೆಸರಿಲ್ಲ.

ಆ ಒಂದು ಓಕೆಯಲ್ಲಿ ಏನಾಯಿತು ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕೆಂದರೆ ಇಡೀ ವಾದ ನಿಂತಿರುವುದು ಇಲ್ಲೇ. ಎಲ್‌ವಿಎಂ ತನ್ನ ಲೇಬಲ್ಲನ್ನು ಮಾಮೂಲಿಯಾಗಿ ಬರೆಯುವುದು ಎರಡನೇ ಸೆಕ್ಟರಿನಲ್ಲಿ, ಅಂದರೆ ಸೊನ್ನೆಯಿಂದ ಎಣಿಸಿದರೆ ಸೆಕ್ಟರ್ 1. ಜಿಪಿಟಿ ತನ್ನ ಹೆಡರ್ ಬರೆಯುವುದು ಎಲ್ಲಿ? ಅದೂ ಸೆಕ್ಟರ್ 1! ಆಮೇಲೆ ಸೆಕ್ಟರ್ 2ರಿಂದ 33ರವರೆಗೆ ಪಾರ್ಟಿಷನ್ನುಗಳ ಪಟ್ಟಿ. ಎಲ್‌ವಿಎಂನ ಮೆಟಾಡೇಟಾ, ಅಂದರೆ ಯಾವ ವಾಲ್ಯೂಮ್ ಎಲ್ಲಿಂದ ಎಲ್ಲಿಯವರೆಗೆ ಅನ್ನುವ ಪಟ್ಟಿ, ಶುರುವಾಗುವುದು ಸೆಕ್ಟರ್ 8ರಲ್ಲಿ. ಅದು ಸಾದಾ ಪಠ್ಯ, ಕಣ್ಣಲ್ಲೇ ಓದಬಹುದು. ಪ್ರತಿ ಬದಲಾವಣೆಗೂ ಹೊಸ ಪ್ರತಿಯೊಂದು ಹಿಂದಿನದರ ಮುಂದೆ ಕೂರುತ್ತೆ. ಈ ಡಿಸ್ಕಿನಲ್ಲಿ ಆಗಿದ್ದೇ ನಾಲ್ಕು ಬದಲಾವಣೆ, ಹಾಗಾಗಿ ಎಲ್ಲ ಪ್ರತಿಗಳೂ ಮೊದಲ ಕೆಲವು ಸೆಕ್ಟರುಗಳಲ್ಲೇ ಇದ್ದವು. ಎಲ್ಲವೂ ಹೋದವು. ಒಂದೇ ಗದ್ದೆಗೆ ಇಬ್ಬರ ಹೆಸರು, ಆಮೇಲೆ ಬಂದವನೇ ಒಡೆಯ.

ಮೆಟಾಡೇಟಾದ ಇನ್ನೊಂದು ಪ್ರತಿ ಲಿನಕ್ಸಿನ ಇಟಿಸಿ ಡೈರೆಕ್ಟರಿಯ ಒಳಗೆ, ಎಲ್‌ವಿಎಂ ಫೋಲ್ಡರಿನ ಬ್ಯಾಕಪ್ ಅನ್ನುವಲ್ಲಿ ತಾನಾಗೇ ಇರುತ್ತೆ. ಅದಿದ್ದಿದ್ದರೆ ಹತ್ತು ನಿಮಿಷದ ಕೆಲಸ. ಪಿವಿಕ್ರಿಯೇಟ್‌ಗೆ ಹಳೆಯ ಯುಯುಐಡಿಯನ್ನೂ ಆ ಕಡತವನ್ನೂ ಕೊಟ್ಟು, ವಿಜಿಸಿಎಫ್‌ಜಿರಿಸ್ಟೋರ್ ಓಡಿಸಿದರೆ ಮುಗೀತಿತ್ತು. ಆದರೆ ಅದು ಇದ್ದದ್ದು ಅಳಿಸಿಹೋದ ಎಸ್‌ಎಸ್‌ಡಿಯಲ್ಲಿ.

ಡಿಸ್ಕು ನನ್ನ ಕೈಗೆ ಬಂದಾಗ ಸಮಾಧಾನದ ವಿಷಯ ಒಂದೇ ಇತ್ತು: ನಿಜವಾದ ದತ್ತಾಂಶ ಶುರುವಾಗುವುದು 1 ಎಂಬಿ ಆದಮೇಲೆ, ಅದನ್ನು ಯಾರೂ ಮುಟ್ಟಿರಲಿಲ್ಲ. ಮೊದಲು ಇಡೀ ಡಿಸ್ಕಿನ ನಕಲು ತೆಗೆದೆ. ನಕಲಿನ ಮೇಲೆ 1 ಎಂಬಿ ಬಿಟ್ಟು ಓದಲು ಮಾತ್ರ ಅಂತ ಮೌಂಟ್ ಮಾಡಿದರೆ ಇಎಕ್ಸ್‌ಟಿ4 ತೆರೆದುಕೊಂಡಿತು! ಫೋಲ್ಡರುಗಳ ಹೆಸರೆಲ್ಲ ಇವೆ. ಹಳೆಯ ಮದುವೆಗಳು ಚೆನ್ನಾಗಿ ಬಂದವು. ಹೊಸವುಗಳನ್ನು ತೆರೆದರೆ ಅರ್ಧ ಮುಖ, ಉಳಿದರ್ಧ ಬೂದಿ ಬಣ್ಣದ ಪಟ್ಟಿ. ಯಾಕೆಂದರೆ ಆಮೇಲೆ ಸೇರಿಸಿದ 400 ಜಿಬಿ ಇರುವುದು ವಿಡಿಯೋದ ಆಚೆಗೆ, ನನ್ನ ಮೌಂಟು ಓದುತ್ತಾ ಇದ್ದದ್ದು ವಿಡಿಯೋದ ಜಾಗವನ್ನು. ವಿಡಿಯೋ ವಾಲ್ಯೂಮಿನ ಸೂಪರ್‌ಬ್ಲಾಕ್ ಹುಡುಕಿದೆ. ಅದರಿಂದ ಅದು ಎಲ್ಲಿ ಶುರು, ಎಷ್ಟು ಉದ್ದ ಗೊತ್ತಾಯಿತು. ಅಂದಮೇಲೆ ಫೋಟೋದ ಮೊದಲ ತುಂಡು ಎಲ್ಲಿ ಮುಗಿಯಿತು, ಎರಡನೇ ತುಂಡು ಎಲ್ಲಿಂದ ಶುರು ಅಂತಲೂ ಲೆಕ್ಕ ಸಿಕ್ಕಿತು. ಡಿಎಂಸೆಟಪ್‌ನಲ್ಲಿ ಎರಡು ಸಾಲಿನ ಕೋಷ್ಟಕ ಕೈಯಾರೆ ಬರೆದು ಎರಡು ತುಂಡನ್ನೂ ಹೊಲಿದೆ. ಎರಡು ರಾತ್ರಿ ಹಿಡಿಯಿತು.

ಎಲ್ಲ ಬಂತು. ಬಂದಿದ್ದು ಅದೃಷ್ಟದಿಂದ. ಎರಡೇ ವಾಲ್ಯೂಮು, ಒಂದೇ ಸಲ ಹಿಗ್ಗಿಸಿದ್ದು, ಒಂದೇ ಡಿಸ್ಕು. ಐದು ವಾಲ್ಯೂಮು ಇದ್ದು, ನಾಲ್ಕಾರು ಸಲ ಅಲ್ಲಿ ಇಲ್ಲಿ ಹಿಗ್ಗಿಸಿದ್ದರೆ ಆ ಲೆಕ್ಕ ಯಾರಿಂದಲೂ ಬಿಡಿಸಲಿಕ್ಕೆ ಆಗ್ತಿರಲಿಲ್ಲ. ಆ ಫೋಟೋಗಳಲ್ಲಿ ಕೋವಿಡ್ ಕಾಲದಲ್ಲಿ ಹೋದವರ ಮುಖಗಳಿವೆ. ಎಷ್ಟೋ ಮನೆಗಳಲ್ಲಿ ಅಜ್ಜಿಯದ್ದು ಅಂತ ಇರುವ ಒಳ್ಳೆಯ ಫೋಟೋ ಮೊಮ್ಮಗಳ ಮದುವೆಯಲ್ಲಿ ತೆಗೆದದ್ದೊಂದೇ. ಗೋಡೆಗೆ ಹಾಕಲು ಅದನ್ನೇ ದೊಡ್ಡದು ಮಾಡಿಸಿಕೊಳ್ಳಲು ಜನ ಇವರ ಬಳಿ ಬರ್ತಾರೆ. ಇದನ್ನೆಲ್ಲ ಒಂದು ನಿಮಿಷ ಉಳಿಸಿದ ಕೆಲಸದ ಮೇಲೆ ನಿಲ್ಲಿಸಿದ್ದರು.

ಪಾರ್ಟಿಷನ್ ಇದ್ದಿದ್ದರೆ? ವಿಂಡೋಸ್‌ಗೆ ಎಲ್‌ವಿಎಂ ಅರ್ಥ ಆಗುವುದಿಲ್ಲ, ಆದರೆ ಪಾರ್ಟಿಷನ್ ಟೇಬಲ್ ಅರ್ಥ ಆಗುತ್ತೆ. ಇಲ್ಲೊಂದು ಪಾರ್ಟಿಷನ್ ಇದೆ, ನನಗೆ ಗೊತ್ತಿಲ್ಲದ ಜಾತಿಯದು ಅಂತ ಸುಮ್ಮನೆ ಇರುತ್ತೆ. ಇನಿಶಿಯಲೈಸ್ ಮಾಡಲೇ ಅಂತ ಕೇಳುವುದೇ ಇಲ್ಲ. ಟೈಪ್ ಸರಿಯಾಗಿ ಹಾಕಿ ಅಂತ ನಾನು ಒತ್ತಿ ಹೇಳುವುದೂ ಇದಕ್ಕೇ. ಹಿಂದೆ ಪಾರ್ಟೆಡ್‌ನಂಥ ಕೆಲವು ಸಲಕರಣೆಗಳು ಲಿನಕ್ಸ್ ಪಾರ್ಟಿಷನ್ನಿಗೂ ಮೈಕ್ರೋಸಾಫ್ಟಿನ ಬೇಸಿಕ್ ಡೇಟಾ ಗುರುತನ್ನೇ ಹಾಕ್ತಿದ್ದವು. ಹಾಗಿದ್ದರೆ ವಿಂಡೋಸ್ ಅದಕ್ಕೊಂದು ಡ್ರೈವ್ ಅಕ್ಷರ ಕೊಟ್ಟು "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳುತ್ತೆ. ಪಹಣಿಯಲ್ಲಿ ಹೆಸರಿದ್ದರೂ ತಪ್ಪು ಹೆಸರಿದ್ದ ಹಾಗೆ!

ಎದುರು ವಾದವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡುವವರೇ ಹೇಳ್ತಾರೆ: ವರ್ಚುವಲ್ ಮಷೀನಿನಲ್ಲಿ ಇಡೀ ಡಿಸ್ಕನ್ನೇ ಕೊಡುವುದು ವಾಸಿ. ಡಿಸ್ಕಿನ ಗಾತ್ರ ಹೆಚ್ಚಿಸಿ ಪಿವಿರೀಸೈಜ್ ಹೊಡೆದರೆ ಮುಗೀತು, ಪಾರ್ಟಿಷನ್ ಇದ್ದರೆ ಮೊದಲು ಅದನ್ನು ಹಿಗ್ಗಿಸುವ ಇನ್ನೊಂದು ಹೆಜ್ಜೆ. ಒಪ್ಪಿದೆ. ಆ ಡಿಸ್ಕನ್ನು ಯಾರೂ ಕಳಚಿ ಬ್ಯಾಗಿನಲ್ಲಿ ಹಾಕಿಕೊಂಡು ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸುವುದಿಲ್ಲ. ಅಲ್ಲಿ ಬೇಲಿ ಹಾಕದಿದ್ದರೂ ನಡೆಯುತ್ತೆ. ಆದರೆ ಕೈಯಲ್ಲಿ ಹಿಡಿಯಬಹುದಾದ ಡಿಸ್ಕು, ಅಂಗಡಿಯಿಂದ ಅಂಗಡಿಗೆ ಹೋಗುವ ಡಿಸ್ಕು, ನಮ್ಮ ಮನೆ, ಶಾಲೆ, ಸ್ಟುಡಿಯೋ, ಸೊಸೈಟಿಗಳ ಡಿಸ್ಕು... ಇವಕ್ಕೆ ಆ ನಿಯಮ ತಂದು ಹಾಕಬೇಡಿ. ದತ್ತಾಂಶ ಕೇಂದ್ರದ ಅಭ್ಯಾಸ ಊರಿನ ಅಂಗಡಿಗೆ ಹೊಂದುವುದಿಲ್ಲ. ಲಿನಕ್ಸ್ ಡಾಕ್ಯುಮೆಂಟೇಷನ್ ಪ್ರಾಜೆಕ್ಟಿನ ಹಳೆಯ ಎಲ್‌ವಿಎಂ ಹೌಟು ಕೂಡ ಇದೇ ಎಚ್ಚರಿಕೆ ಕೊಟ್ಟಿತ್ತು, ನಾನೇನೂ ಹೊಸದು ಹೇಳ್ತಿಲ್ಲ.

ಇನ್ನು ತಯಾರಿಯ ಕ್ರಮ. ಆದೇಶಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೀನಿ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ ಮತ್ತೆ!

1. ಯಾವ ಡಿಸ್ಕು ಅಂತ ಖಚಿತ ಮಾಡಿಕೊಳ್ಳಿ. ಎಸ್‌ಡಿಬಿ, ಎಸ್‌ಡಿಸಿ ಅನ್ನುವ ಹೆಸರುಗಳನ್ನು ನಂಬಬೇಡಿ, ಬೂಟ್ ಆದಾಗ ಅದಲುಬದಲಾಗಬಹುದು. ಎಲ್‌ಎಸ್‌ಬಿಎಲ್‌ಕೆ ಓಡಿಸಿ ಮಾಡೆಲ್ಲು, ಸೀರಿಯಲ್ ನಂಬರು ನೋಡಿ, ಡಿಸ್ಕಿನ ಮೇಲೆ ಅಂಟಿಸಿದ ಚೀಟಿಗೆ ಹೋಲಿಸಿ.

2. ಮೇಲೆ ಏನಿದೆ ನೋಡಿ. ವೈಪ್‌ಎಫ್‌ಎಸ್ ಅನ್ನು ಯಾವ ಆಯ್ಕೆಯೂ ಇಲ್ಲದೆ ಓಡಿಸಿದರೆ ಅದು ಏನೂ ಅಳಿಸದೆ ಹಳೆಯ ಗುರುತುಗಳನ್ನು ಪಟ್ಟಿ ಮಾಡುತ್ತೆ. ಪಟ್ಟಿಯಲ್ಲಿ ಏನಾದರೂ ಕಂಡರೆ ನಿಲ್ಲಿ, ಅದು ಯಾರದ್ದು ಅಂತ ಕೇಳಿ. ಪಿವಿಕ್ರಿಯೇಟ್ ಕೂಡ ಹಳೆಯ ಗುರುತು ಕಂಡರೆ "ಅಳಿಸಲೇ?" ಅಂತ ಕೇಳುತ್ತೆ. ಆ ಪ್ರಶ್ನೆಗೆ ಅಭ್ಯಾಸಬಲದಿಂದ ಹೂಂ ಅನ್ನಬೇಡಿ.

3. ಡಿಸ್ಕಿನ ಆರೋಗ್ಯ. ಸ್ಮಾರ್ಟ್‌ಸಿಟಿಎಲ್‌ನಲ್ಲಿ ಒಮ್ಮೆ ನೋಡಿ. ಸಾಯುತ್ತಿರುವ ಡಿಸ್ಕನ್ನು ಗುಂಪಿಗೆ ಸೇರಿಸಿದರೆ ಅದರ ಮೇಲೆ ಹರಡಿಕೊಂಡ ವಾಲ್ಯೂಮುಗಳೆಲ್ಲ ಜೊತೆಗೆ ಹೋಗುತ್ತವೆ.

4. ಜಿಪಿಟಿ ಟೇಬಲ್ ಬರೆಯಿರಿ. ಎಂಬಿಆರ್‌ಗೆ ಮಾಮೂಲಿ 512 ಬೈಟಿನ ಸೆಕ್ಟರಿನಲ್ಲಿ 2 ಟೆಬಿಬೈಟಿನ ಆಚೆ ಎಣಿಸಲಿಕ್ಕೇ ಬರುವುದಿಲ್ಲ.

5. ಒಂದು ಡಿಸ್ಕಿಗೆ ಒಂದೇ ಪಾರ್ಟಿಷನ್. 1 ಎಂಬಿಯಿಂದ ಶುರು (2048ನೇ ಸೆಕ್ಟರ್), ಕೊನೆಯವರೆಗೆ. ಹಳೆಯ ಕಾಲದ ಹಾಗೆ 63ರಿಂದ ಶುರು ಮಾಡಿದರೆ ಈಗಿನ 4 ಕೆಬಿ ಸೆಕ್ಟರಿನ ಡಿಸ್ಕುಗಳಲ್ಲಿ ಗೆರೆ ತಪ್ಪಿ ವೇಗ ಕುಗ್ಗುತ್ತೆ. ಈಗಿನ ಎಫ್‌ಡಿಸ್ಕ್ ತಾನೇ 2048 ಅನ್ನುತ್ತೆ, ಎಂಟರ್ ಹೊಡೆದರೆ ಸಾಕು. ಅದೇ ಡಿಸ್ಕಿನಿಂದ ಬೂಟ್ ಮಾಡುವುದಿದ್ದರೆ ಮಾತ್ರ ಇಎಫ್‌ಐ ಪಾರ್ಟಿಷನ್ನು ಬೇರೆ ಇರಲಿ. ಫರ್ಮ್‌ವೇರ್‌ಗೆ ಎಲ್‌ವಿಎಂ ಓದಲು ಬರುವುದಿಲ್ಲ.

6. ಟೈಪ್: ಲಿನಕ್ಸ್ ಎಲ್‌ವಿಎಂ. ಇಷ್ಟು ಹೊತ್ತು ಕೂಗಿದ್ದು ಇದಕ್ಕೇ.

7. ಈಗ ಪಿವಿಕ್ರಿಯೇಟ್, ಆದರೆ ಎಸ್‌ಡಿಬಿ ಮೇಲಲ್ಲ, ಎಸ್‌ಡಿಬಿ1 ಮೇಲೆ. ಪಾರ್ಟಿಷನ್ ಟೇಬಲ್ ಇರುವ ಡಿಸ್ಕನ್ನು ಇಡಿಯಾಗಿ ಕೊಟ್ಟರೆ ಎಲ್‌ವಿಎಂ ತಾನೇ ಬೇಡ ಅನ್ನುತ್ತೆ. ನೋಡಿ, ಬೇಲಿ ಇದ್ದರೆ ಎಲ್‌ವಿಎಂ ಕೂಡ ಮರ್ಯಾದೆ ಕೊಡುತ್ತೆ.

8. ಇದ್ದ ಜಾಗವನ್ನೆಲ್ಲ ಮೊದಲ ದಿನವೇ ಹಂಚಬೇಡಿ. ಹಿಗ್ಗಿಸುವುದು ಸುಲಭ, ಕುಗ್ಗಿಸುವುದು ಕಷ್ಟ. ಎಕ್ಸ್‌ಎಫ್‌ಎಸ್ ಹಾಕಿದ್ದರೆ ಕುಗ್ಗಿಸುವ ಆಸೆ ಬಿಟ್ಟುಬಿಡಿ.

9. ವಿಜಿಸಿಎಫ್‌ಜಿಬ್ಯಾಕಪ್ ಮಾಡಿ ಆ ಚಿಕ್ಕ ಪಠ್ಯ ಕಡತವನ್ನು ಬೇರೆ ಕಡೆ ಇಡಿ. ಮೇಲ್ ಮಾಡಿಕೊಳ್ಳಿ, ಪ್ರಿಂಟ್ ತೆಗೆದು ಟ್ರಂಕಿನಲ್ಲಿಡಿ. ಕೆಲವೇ ಕೆಬಿ ಅದು. ಇದು ಫೋಟೋಗಳ ಬ್ಯಾಕಪ್ ಅಲ್ಲ, ನಕ್ಷೆಯ ಬ್ಯಾಕಪ್ ಮಾತ್ರ. ಫೋಟೋಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇರಲೇಬೇಕು.

10. ಕೊನೆಗೆ, ಡಿಸ್ಕಿನ ಮೇಲೆ ಒಂದು ಚೀಟಿ ಅಂಟಿಸಿ ಪೆನ್ನಿನಲ್ಲಿ ಕನ್ನಡದಲ್ಲೇ ಬರೆಯಿರಿ: "ಇದರಲ್ಲಿ ಫೋಟೋ ಇದೆ, ಲಿನಕ್ಸಿನದು, ವಿಂಡೋಸ್ ಕೇಳಿದರೆ ಬೇಡ ಅನ್ನಿ". ನಗಬೇಡಿ, ಇದಕ್ಕಿಂತ ಒಳ್ಳೆಯ ಪಾರ್ಟಿಷನ್ ಟೇಬಲ್ ಇಲ್ಲ :-)

ಇಷ್ಟೆಲ್ಲ ಮಾಡಿದರೂ ಬೇಕೆಂದೇ ಫಾರ್ಮ್ಯಾಟ್ ಮಾಡುವವನನ್ನು ತಡೆಯಲು ಆಗುವುದಿಲ್ಲ. ಬಾಂದು ಕಲ್ಲು ಕಿತ್ತು ಎಸೆಯುವವರೂ ಊರಲ್ಲಿ ಇದ್ದೇ ಇರ್ತಾರೆ. ಆದರೆ ನಾನು ನೋಡಿದ ಮಟ್ಟಿಗೆ ಡಿಸ್ಕು ಹಾಳಾಗುವುದು ಕೆಟ್ಟವರಿಂದಲ್ಲ, ಗೊತ್ತಿಲ್ಲದವರಿಂದ. ಗೊತ್ತಿಲ್ಲದವರಿಗೆ ಗೊತ್ತಾಗುವ ಹಾಗೆ ಇಡುವುದು ಗೊತ್ತಿದ್ದವರ ಕೆಲಸ. ಕಂಪ್ಯೂಟರ್ ಹಾಕಿಕೊಟ್ಟು ನಾವು ಬೆಂಗಳೂರಿಗೆ ಬಸ್ಸು ಹತ್ತುತ್ತೀವಿ. ಅದರ ಜೊತೆ ಬಾಳುವವರು ಅಲ್ಲೇ ಇರುವವರು.

ಒಪ್ಪದವರು ಇದ್ದರೆ ಧಾರಾಳವಾಗಿ ಜಗಳಕ್ಕೆ ಬನ್ನಿ, ಅದರಲ್ಲೂ ಇಡೀ ಡಿಸ್ಕಿನ ಪಕ್ಷದವರು. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಪಿವಿಎಸ್ ಅಂತ ಓಡಿಸಿ, ನಿಮ್ಮ ಡಿಸ್ಕಿನ ಹೆಸರಿನ ಕೊನೆಯಲ್ಲಿ ಪಾರ್ಟಿಷನ್ನಿನ ಅಂಕಿ ಇದೆಯೋ ಇಲ್ಲವೋ ನೋಡಿ. ಇಲ್ಲದಿದ್ದರೆ ಇವತ್ತೇ ಎಲ್ಲ ಕೆಡವಿ ಕಟ್ಟಬೇಕಾಗಿಲ್ಲ, ಗಾಬರಿ ಬೇಡ. ಒಂಬತ್ತನೇ ಮತ್ತು ಹತ್ತನೇ ಕೆಲಸ ಇವತ್ತೇ ಮಾಡಿ, ಉಳಿದದ್ದು ಮುಂದಿನ ಹೊಸ ಡಿಸ್ಕ್ ತಂದಾಗ.